ಎರಡು ಕ್ಯಾಮೆರಾ, ಒಂದೇ ದೃಶ್ಯ: ಬಣ್ಣವೂ ಡೀಟೇಲೂ ಯಾಕೆ ಬೇರೆ ಬೇರೆ?

ಒಂದೇ ದೃಶ್ಯವನ್ನು ಎರಡು ಕ್ಯಾಮೆರಾಗಳಲ್ಲಿ ತೆಗೆದು ಪಕ್ಕಪಕ್ಕ ಇಟ್ಟರೆ ತೀರ್ಪು ಬರುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ‘ಇದರ ಬಣ್ಣ ಚೆನ್ನಾಗಿದೆ, ಅದರಲ್ಲಿ ಡೀಟೇಲ್ ಜಾಸ್ತಿ.’ ಮುಗಿಯಿತು. ಆದರೆ ಅಲ್ಲಿ ಹೋಲಿಸಿ ನೋಡಿದ್ದು ಏನನ್ನು? ಎರಡೂ ಜೆಪೆಗ್, ಅಂದರೆ ಕ್ಯಾಮೆರಾವೇ ಸಂಸ್ಕರಿಸಿ ಕೊಟ್ಟ ಚಿತ್ರಗಳಾಗಿದ್ದರೆ, ಬಹುಪಾಲು ಎರಡು ಕಂಪನಿಗಳ ಅಭಿರುಚಿಯನ್ನು. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ನಿಜಕ್ಕೂ ಏನು ಹಿಡಿಯಿತು ಅನ್ನುವುದು ಅದರ ಅಡಿಯಲ್ಲೆಲ್ಲೋ ಮುಚ್ಚಿಹೋಗಿರುತ್ತದೆ.

ಮೇಲಿನ ಪದರಗಳನ್ನು ಒಂದೊಂದಾಗಿ ಬಿಡಿಸಿದರೆ ಕೊನೆಗೆ ಉಳಿಯುವ ವ್ಯತ್ಯಾಸಗಳು ಕೆಲವೇ. ಆದರೆ ಅವು ಗಟ್ಟಿ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಯಾವ ಸ್ಲೈಡರ್ ಎಳೆದರೂ ಹೋಗುವುದಿಲ್ಲ. ಬಣ್ಣಕ್ಕೆ ಇಷ್ಟು ಅಂಕ, ಡೀಟೇಲ್‌ಗೆ ಇಷ್ಟು ಅಂಕ ಅಂತ ಬೇರೆ ಬೇರೆ ಕೊಡುವ ಅಭ್ಯಾಸವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಕ್ಯಾಮೆರಾದೊಳಗೆ ಇವೆರಡೂ ಅಂಟಿಕೊಂಡೇ ಇರುತ್ತವೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಾಡುತ್ತದೆ.

ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ

ಸೆನ್ಸರ್‌ನ ಒಂದೊಂದು ಪಿಕ್ಸೆಲ್ಲಿಗೂ ತಿಳಿಯುವುದು ಒಂದೇ ಸಂಗತಿ: ತನ್ನ ಮೇಲೆ ಎಷ್ಟು ಬೆಳಕು ಬಿತ್ತು. ಬಣ್ಣ ತಿಳಿಯಲಿ ಅಂತ ಪ್ರತಿ ಪಿಕ್ಸೆಲ್ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಪುಟಾಣಿ ಫಿಲ್ಟರ್ ಕೂರಿಸುತ್ತಾರೆ. ಇವತ್ತಿನ ಬಹುತೇಕ ಕ್ಯಾಮೆರಾಗಳಲ್ಲಿ ಇರುವುದು ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿದ ಜೋಡಣೆ. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ನಾಲ್ಕು ಪಿಕ್ಸೆಲ್‌ಗಳ ಚೌಕದಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರಿಗೆ ಎರಡು ಪಾಲು ಯಾಕೆಂದರೆ, ನಮ್ಮ ಕಣ್ಣು ಸಣ್ಣ ಸಣ್ಣ ಗೆರೆಗಳನ್ನು ಗುರುತಿಸುವುದು ಬೆಳಕು-ನೆರಳಿನ ಏರಿಳಿತದಿಂದ, ಅದರಲ್ಲಿ ಹಸಿರಿನದೇ ದೊಡ್ಡ ಪಾಲು.

ಲೆಕ್ಕ ಹಾಕಿ ನೋಡಿ. 24 ಮೆಗಾಪಿಕ್ಸೆಲ್, ಅಂದರೆ 2 ಕೋಟಿ 40 ಲಕ್ಷ ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳು ಹಸಿರನ್ನು ಮಾತ್ರ ಅಳೆಯುತ್ತವೆ. 60 ಲಕ್ಷ ಕೆಂಪನ್ನು, 60 ಲಕ್ಷ ನೀಲಿಯನ್ನು. ಆದರೆ ಕೈಗೆ ಸಿಗುವ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ ಮೂರೂ ಬಣ್ಣ ಇರುತ್ತದೆ. ಉಳಿದ ಎರಡು ಎಲ್ಲಿಂದ ಬಂತು? ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಸಾಫ್ಟ್‌ವೇರ್ ಊಹಿಸಿತು. ಅಂದರೆ ಚಿತ್ರದ ಬಣ್ಣದ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಅಳತೆ ಮಾಡಿದ್ದಲ್ಲ, ಲೆಕ್ಕ ಹಾಕಿದ್ದು. ಈ ಊಹೆಗೆ ಡಿಮೊಸೈಸಿಂಗ್ ಅನ್ನುತ್ತಾರೆ. ಇಲ್ಲಿ ಊಹೆ ತಪ್ಪಿದರೆ ಬಣ್ಣವೂ ತಪ್ಪುತ್ತದೆ, ಗೆರೆಯೂ ತಪ್ಪುತ್ತದೆ.

ಎಲ್ಲರೂ ಬೇಯರ್ ದಾರಿ ಹಿಡಿದಿಲ್ಲ. ಫ್ಯೂಜಿಫಿಲ್ಮ್ 2012ರ ಎಕ್ಸ್-ಪ್ರೊ1ರಲ್ಲಿ ಎಕ್ಸ್-ಟ್ರಾನ್ಸ್ ಎಂಬ ಜೋಡಣೆ ತಂದಿತು. ಅದರಲ್ಲಿ 36 ಪಿಕ್ಸೆಲ್‌ಗಳ ಚೌಕದಲ್ಲಿ 20 ಹಸಿರು, 8 ಕೆಂಪು, 8 ನೀಲಿ. ಇಂಥ ಫೈಲನ್ನು ಒಂದು ಸಾಫ್ಟ್‌ವೇರ್ ಚೆನ್ನಾಗಿ ಬಿಡಿಸುತ್ತದೆ, ಇನ್ನೊಂದು ಎಲೆಗಳ ಮೇಲೆ ಹುಳು ಹರಿದಂಥ ಗುರುತು ಮೂಡಿಸುತ್ತದೆ. ಕ್ಯಾಮೆರಾ ಅದೇ, ಫೈಲೂ ಅದೇ.

ಸಿಗ್ಮಾದ ದಾರಿ ಇನ್ನೂ ಬೇರೆ. 2002ರ ಎಸ್‌ಡಿ9ರಲ್ಲಿದ್ದ ಫೋವಿಯಾನ್ ಸೆನ್ಸರ್ ಒಂದರ ಕೆಳಗೊಂದು ಮೂರು ಪದರಗಳಲ್ಲಿ ಬೆಳಕು ಹಿಡಿಯುತ್ತಿತ್ತು. ಪ್ರತಿ ಪಿಕ್ಸೆಲ್‌ನಲ್ಲೂ ಮೂರೂ ಬಣ್ಣ ಸಿಗುವುದರಿಂದ ಊಹೆ ಬೇಕಿಲ್ಲ. ಪಿಕ್ಸೆಲ್ ಕಮ್ಮಿ ಇದ್ದರೂ ಡೀಟೇಲ್ ಗರಿಗರಿಯಾಗಿ ಬರುತ್ತಿತ್ತು. ಆದರೆ ಸಿಲಿಕಾನ್ ಪದರಗಳು ಬಣ್ಣಗಳನ್ನು ಅಷ್ಟು ಕಟ್ಟುನಿಟ್ಟಾಗಿ ಬೇರ್ಪಡಿಸುವುದಿಲ್ಲ. ಕಲಸಿಕೊಂಡ ಬಣ್ಣವನ್ನು ಲೆಕ್ಕದಿಂದ ಬಿಡಿಸಲು ಹೋದಾಗ ನಾಯ್ಸ್ (ಚಿತ್ರದಲ್ಲಿ ಬೇಡದ ಕಾಳುಕಾಳು ಚುಕ್ಕೆಗಳು) ಏಳುತ್ತಿತ್ತು. ಡೀಟೇಲ್‌ನಲ್ಲಿ ಗಳಿಸಿದ್ದಕ್ಕೆ ಬಣ್ಣದಲ್ಲಿ ಬೆಲೆ ತೆತ್ತ ಹಾಗಾಯಿತು.

ಕಣ್ಣಿನ ಬಣ್ಣ, ಕ್ಯಾಮೆರಾದ ಬಣ್ಣ

ಬೇಯರ್ ಕ್ಯಾಮೆರಾಗಳಲ್ಲೂ ಎಲ್ಲರ ಕೆಂಪು ಫಿಲ್ಟರ್ ಒಂದೇ ಕೆಂಪಲ್ಲ. ಫಿಲ್ಟರ್‌ನ ಬಣ್ಣ ತೆಳುವಾಗಿದ್ದರೆ ಬೆಳಕು ಜಾಸ್ತಿ ಒಳಗೆ ಬರುತ್ತದೆ, ಮಂದ ಬೆಳಕಿನಲ್ಲಿ ಅನುಕೂಲ. ಆದರೆ ಆಗ ಕೆಂಪು ಪಿಕ್ಸೆಲ್ ಒಂದಷ್ಟು ಹಸಿರನ್ನೂ ಎಣಿಸಿಬಿಡುತ್ತದೆ. ಅದನ್ನು ಆಮೇಲೆ ಲೆಕ್ಕದಿಂದ ಕಳೆಯಬೇಕು. ಹಾಗೆ ಕಳೆಯುವಾಗ ಬಣ್ಣದ ನಾಯ್ಸ್ ಹೆಚ್ಚುತ್ತದೆ. ಫಿಲ್ಟರ್ ಗಾಢವಾಗಿದ್ದರೆ ಬಣ್ಣ ಚೆನ್ನಾಗಿ ಬೇರ್ಪಡುತ್ತದೆ, ಬೆಳಕು ಕಮ್ಮಿಯಾಗುತ್ತದೆ. ಎಲ್ಲಿ ನಿಲ್ಲಬೇಕು ಅನ್ನುವುದು ತಯಾರಕರ ಆಯ್ಕೆ, ಅದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ಕ್ಯಾಮೆರಾ ಕಣ್ಣಿನಂತೆಯೇ ಬಣ್ಣ ನೋಡಬೇಕಾದರೆ ಅದರ ಮೂರು ಫಿಲ್ಟರ್‌ಗಳು ಬೆಳಕಿಗೆ ಸ್ಪಂದಿಸುವ ರೀತಿಯಿಂದ ಕಣ್ಣಿನ ಸ್ಪಂದನೆಯನ್ನು ಲೆಕ್ಕ ಹಾಕಿ ಪಡೆಯುವಂತಿರಬೇಕು. ಇದಕ್ಕೆ ಲೂಥರ್ ನಿಯಮ ಎಂದು ಹೆಸರು. ಸಾಮಾನ್ಯವಾಗಿ ಕೊಳ್ಳಲು ಸಿಗುವ ಯಾವ ಕ್ಯಾಮೆರಾವೂ ಇದನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಹಾಗಾಗಿ ಕಣ್ಣಿಗೆ ಬೇರೆ ಬೇರೆ ಕಾಣುವ ಎರಡು ಬಟ್ಟೆಗಳು ಒಂದು ಕ್ಯಾಮೆರಾಗೆ ಒಂದೇ ಬಣ್ಣವಾಗಿ ಕಾಣಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬಟ್ಟೆಗಳು ಚಿತ್ರದಲ್ಲಿ ಬೇರೆಯಾಗಬಹುದು. ಮೊದಲ ಬಗೆಯಲ್ಲಿ, ಸೆನ್ಸರ್ ಎರಡು ಬಟ್ಟೆಗಳಿಗೂ ಅವೇ ಮೂರು ಅಂಕಿಗಳನ್ನು ಬರೆದಿಟ್ಟ ಮೇಲೆ ಅವುಗಳನ್ನು ಬೇರ್ಪಡಿಸಲು ಯಾವ ಸಾಫ್ಟ್‌ವೇರ್‌ಗೂ ಸಾಧ್ಯವಿಲ್ಲ. ಎರಡು ಕ್ಯಾಮೆರಾಗಳ ಬಣ್ಣದ ನಡುವಿನ ಅಸಲಿ ವ್ಯತ್ಯಾಸ ಇದೇ.

ಇದು ಚೆನ್ನಾಗಿ ಕಾಣುವುದು ನೇರಳೆ ಹೂವಿನಲ್ಲಿ. ನೇರಳೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ನೀಲಿಯ ಜೊತೆ ಸ್ವಲ್ಪ ಕೆಂಪಿನ ಛಾಯೆಯೂ ಸೇರಿ ಕಾಣುತ್ತದೆ. ಆ ತುದಿಯ ಬೆಳಕನ್ನು ಕ್ಯಾಮೆರಾದ ಕೆಂಪು ಫಿಲ್ಟರ್ ಒಳಗೆ ಬಿಡದಿದ್ದರೆ ಕೆಂಪಿನ ಅಂಕಿ ಸೊನ್ನೆಯ ಹತ್ತಿರ ಇರುತ್ತದೆ. ಹೂವು ಅಪ್ಪಟ ನೀಲಿಯಾಗಿ ಬರುತ್ತದೆ. ಪಕ್ಕದ ಎಲೆ, ಮಣ್ಣು, ಹಿಂದೆ ನಿಂತವರ ಮುಖ ಎಲ್ಲ ಸರಿಯಾಗಿಯೇ ಇರುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಇಡೀ ಚಿತ್ರದ ಬಣ್ಣ ಹೊಂದಿಸುವುದು) ತಿರುಗಿಸಿ ಹೂವನ್ನು ನೇರಳೆ ಮಾಡಿದಿರೋ, ಮುಖ ಗುಲಾಬಿಯಾಗುತ್ತದೆ. ಎರಡು ಕ್ಯಾಮೆರಾಗಳನ್ನು ಹೋಲಿಸಲು ಕೂತವರು ನೀಲಿ ಆಕಾಶವನ್ನೇ ನೋಡುತ್ತಾ ಕೂರುವ ಬದಲು ಒಂದು ನೇರಳೆ ಹೂವು ತಂದಿಟ್ಟರೆ ಜಾಸ್ತಿ ತಿಳಿಯುತ್ತದೆ.

ಇನ್ನೊಂದು ಉದಾಹರಣೆ ಲೈಕಾ ಎಂ8, 2006ರದ್ದು. ಸೆನ್ಸರ್ ಮುಂದೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ತಡೆಯುವ ಗಾಜು ಇರುತ್ತದೆ. ಲೈಕಾ ಎಂ ಸರಣಿಯಲ್ಲಿ ಲೆನ್ಸ್ ಸೆನ್ಸರ್‌ಗೆ ತೀರಾ ಹತ್ತಿರ, ಅಂಚುಗಳಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ. ದಪ್ಪ ಗಾಜು ಹಾಕಿದರೆ ಅಂಚಿನ ಡೀಟೇಲ್ ಕೆಡುತ್ತದೆ ಅಂತ ತೆಳು ಗಾಜು ಹಾಕಿದರು. ಡೀಟೇಲ್ ಉಳಿಯಿತು. ಆದರೆ ಇನ್‌ಫ್ರಾರೆಡ್ ನುಸುಳಿ, ಕಪ್ಪು ಸಿಂಥೆಟಿಕ್ ಬಟ್ಟೆಗಳು ನೇರಳೆ-ಕೆಂಪು ಬಣ್ಣಕ್ಕೆ ತಿರುಗಿದವು. ಕೊನೆಗೆ ಲೆನ್ಸ್ ಮುಂದೆ ಹಾಕಿಕೊಳ್ಳುವ ಫಿಲ್ಟರ್‌ಗಳನ್ನು ಕಂಪನಿಯೇ ಕೊಂಡವರಿಗೆ ಪುಕ್ಕಟೆ ಕೊಟ್ಟಿತು. ಡೀಟೇಲ್‌ಗಾಗಿ ತೆಗೆದುಕೊಂಡ ತೀರ್ಮಾನ ಬಣ್ಣವನ್ನು ಕೆಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟು ಬಿಟ್ಟರೆ, ‘ಈ ಕಂಪನಿಯ ಸ್ಕಿನ್ ಟೋನ್’, ‘ಆ ಕಂಪನಿಯ ಹಸಿರು’ ಅಂತ ಜನ ಹೇಳುವುದರಲ್ಲಿ ದೊಡ್ಡ ಪಾಲು ಫ್ಯಾಕ್ಟರಿಯಲ್ಲಿ ಕೂತು ಆರಿಸಿದ ರುಚಿ. ಒಂದೇ ಪದ್ಯವನ್ನು ಇಬ್ಬರು ಬೇರೆ ಬೇರೆ ರಾಗದಲ್ಲಿ ಹಾಡಿದ ಹಾಗೆ. ಪಿಕ್ಚರ್ ಸ್ಟೈಲ್, ಪಿಕ್ಚರ್ ಕಂಟ್ರೋಲ್, ಫಿಲ್ಮ್ ಸಿಮ್ಯುಲೇಷನ್ ಹೀಗೆ ಹೆಸರು ಏನೇ ಇರಲಿ, ಒಳಗೆ ನಡೆಯುವುದು ಒಂದೇ ಕೆಲಸ. ಮುಖದ ಬಣ್ಣವನ್ನು ಸ್ವಲ್ಪ ಬೆಚ್ಚಗೆ ಮಾಡುತ್ತಾರೆ, ಹುಲ್ಲನ್ನು ಒಂಚೂರು ಹಳದಿಗೆ ಅಥವಾ ನೀಲಿಗೆ ವಾಲಿಸುತ್ತಾರೆ, ಕಾಂಟ್ರಾಸ್ಟ್ ಏರಿಸುತ್ತಾರೆ. ಕಾಂಟ್ರಾಸ್ಟ್ ಏರಿದರೆ ಬಣ್ಣವೂ ತಾನಾಗಿಯೇ ಗಾಢವಾಗುತ್ತದೆ. ರಾ ಫೈಲ್‌ನಿಂದ, ಅಂದರೆ ಸೆನ್ಸರ್ ಬರೆದಿಟ್ಟ ಅಂಕಿಗಳ ಕಚ್ಚಾ ಫೈಲ್‌ನಿಂದ ಶುರು ಮಾಡಿದರೆ ಇದನ್ನೆಲ್ಲ ಬಹುಮಟ್ಟಿಗೆ ಬದಲಿಸಬಹುದು. ಬದಲಿಸಬಹುದಾದ ವ್ಯತ್ಯಾಸಕ್ಕಾಗಿ ಕ್ಯಾಮೆರಾ ಮಾರಿ ಇನ್ನೊಂದು ಕೊಳ್ಳುವುದು ನನಗಂತೂ ಅತಿಯೆನಿಸುತ್ತದೆ. ಜೆಪೆಗ್ ಬಿಟ್ಟು ಬೇರೇನೂ ಮುಟ್ಟದವರಿಗೆ ಮಾತ್ರ ಆ ರುಚಿಯೇ ಕ್ಯಾಮೆರಾ, ಅವರು ಅದನ್ನೇ ನೋಡಿ ಆರಿಸಿದರೆ ತಪ್ಪೇನಿಲ್ಲ.

ಡೀಟೇಲ್: ಒಂದು ಗಾಜಿನ ವ್ಯತ್ಯಾಸ

ಡೀಟೇಲ್ ವಿಷಯದಲ್ಲಿ ನಮಗೆ ಅಪರೂಪಕ್ಕೆ ಒಂದು ಶುದ್ಧ ಪ್ರಯೋಗವೇ ಸಿಕ್ಕಿದೆ. 2012ರ ಫೆಬ್ರವರಿಯಲ್ಲಿ ನಿಕಾನ್ ಡಿ800 ಮತ್ತು ಡಿ800ಇ ಎರಡನ್ನೂ ಒಟ್ಟಿಗೆ ಪ್ರಕಟಿಸಿತು. ಎರಡರಲ್ಲೂ ಅದೇ 36.3 ಮೆಗಾಪಿಕ್ಸೆಲ್, ಅದೇ ಬಾಡಿ. ಇದ್ದ ಮುಖ್ಯ ವ್ಯತ್ಯಾಸ ಸೆನ್ಸರ್ ಮುಂದಿನ ಲೋ-ಪಾಸ್ ಫಿಲ್ಟರ್.

ಈ ಫಿಲ್ಟರ್ ಮಾಡುವುದು ವಿಚಿತ್ರ ಕೆಲಸ: ಬೇಕೆಂದೇ ಚಿತ್ರವನ್ನು ಒಂಚೂರು ಮಬ್ಬು ಮಾಡುತ್ತದೆ. ಒಂದು ಬೆಳಕಿನ ಚುಕ್ಕಿಯನ್ನು ಪಕ್ಕಪಕ್ಕದ ನಾಲ್ಕು ಚುಕ್ಕಿಗಳಾಗಿ ಒಡೆಯುತ್ತದೆ. ಯಾಕಪ್ಪಾ ಅಂದರೆ, ಒತ್ತಾದ ನೇಯ್ಗೆಯ ಬಟ್ಟೆಯಂಥ ವಸ್ತುವಿನಲ್ಲಿ ಎಳೆಗಳ ಅಂತರವೂ ಪಿಕ್ಸೆಲ್‌ಗಳ ಅಂತರವೂ ಹತ್ತಿರ ಹತ್ತಿರ ಬಂದಾಗ ಡಿಮೊಸೈಸಿಂಗ್ ಊಹೆ ದಾರಿ ತಪ್ಪುತ್ತದೆ. ಬೂದು ಬಣ್ಣದ ಕೋಟಿನ ಮೇಲೆ ಇಲ್ಲದ ಹಸಿರು, ಗುಲಾಬಿ ಪಟ್ಟೆಗಳು ಅಲೆಯಲೆಯಾಗಿ ಏಳುತ್ತವೆ. ಇದೇ ಮೊಯ್ರೆ. ಫಿಲ್ಟರ್ ಆ ಅತಿ ಸಣ್ಣ ಎಳೆಗಳನ್ನು ಮೊದಲೇ ಮಬ್ಬು ಮಾಡಿ ಇದನ್ನು ತಡೆಯುತ್ತದೆ. ಡಿ800ಇಯಲ್ಲಿ ಒಂದು ಪದರ ಒಡೆದ ಬೆಳಕನ್ನು ಇನ್ನೊಂದು ಪದರ ಮತ್ತೆ ಸೇರಿಸುತ್ತಿತ್ತು, ಹಾಗಾಗಿ ಮಬ್ಬು ಇಲ್ಲ.

ಫಲಿತಾಂಶ? ಒಳ್ಳೆಯ ಲೆನ್ಸ್, ಗಟ್ಟಿ ಟ್ರೈಪಾಡ್, ಎಫ್/5.6ರ ಆಸುಪಾಸಿನ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಲ್ಲ ಕೂಡಿ ಬಂದಾಗ ‘ಇ’ ಮಾದರಿಯಲ್ಲಿ ಕೂದಲೆಳೆ, ಗೋಡೆಯ ಗಾರೆಯ ಕಣ ಇವೆಲ್ಲ ಒಂದು ಹಿಡಿ ಹೆಚ್ಚು ಚೊಕ್ಕವಾಗಿ ಕಾಣುತ್ತಿದ್ದವು. ಡಿ800ರ ಫೈಲ್‌ಗೆ ಸ್ವಲ್ಪ ಹೆಚ್ಚು ಶಾರ್ಪ್‌ನಿಂಗ್ (ಅಂಚುಗಳನ್ನು ಎದ್ದು ಕಾಣಿಸುವ ಸಂಸ್ಕರಣೆ) ಕೊಟ್ಟರೆ ಆ ಅಂತರದಲ್ಲಿ ಬಹುಪಾಲು ಮುಚ್ಚುತ್ತಿತ್ತು. ಎಫ್/16ಕ್ಕೆ, ಅಂದರೆ ಇನ್ನೂ ಕಿರಿದಾದ ಕಿಂಡಿಗೆ ಹೋದರೆ ಎರಡೂ ಒಂದೇ. ಅಲ್ಲಿ ಬೆಳಕಿನ ವಿವರ್ತನೆಯಿಂದಾಗಿ (ಸಣ್ಣ ಕಿಂಡಿ ದಾಟುವಾಗ ಬೆಳಕು ಚದುರುವುದರಿಂದ) ಒಂದು ಚುಕ್ಕಿ ಸೆನ್ಸರ್ ಮೇಲೆ ಸುಮಾರು 21 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಈ ಕ್ಯಾಮೆರಾದ ಒಂದು ಪಿಕ್ಸೆಲ್ ಅಗಲ 4.9 ಮೈಕ್ರಾನ್. ಚುಕ್ಕಿಯೇ ನಾಲ್ಕು ಪಿಕ್ಸೆಲ್‌ಗಿಂತ ಅಗಲ ಆದ ಮೇಲೆ ಫಿಲ್ಟರ್ ಇದ್ದರೆಷ್ಟು, ಬಿಟ್ಟರೆಷ್ಟು? 2014ರಲ್ಲಿ ಬಂದ ಡಿ810ರಲ್ಲಿ ನಿಕಾನ್ ಆ ಫಿಲ್ಟರನ್ನೇ ಕೈಬಿಟ್ಟಿತು. ಕ್ಯಾನನ್ ಕೂಡ 2015ರಲ್ಲಿ 50.6 ಮೆಗಾಪಿಕ್ಸೆಲ್‌ನ 5ಡಿಎಸ್ ಮತ್ತು 5ಡಿಎಸ್ ಆರ್ ಎಂಬ ಇಂಥದ್ದೇ ಜೋಡಿ ತಂದಿತು.

ಮೊಯ್ರೆಯನ್ನು ಇನ್ನೊಮ್ಮೆ ಗಮನಿಸಿ. ಕಾಣಿಸಿಕೊಂಡಿದ್ದು ಬಣ್ಣದ ದೋಷವಾಗಿ, ಹುಟ್ಟಿದ್ದು ಡೀಟೇಲ್ ಜಾಸ್ತಿಯಾದದ್ದರಿಂದ.

ಇನ್ನು ಮೆಗಾಪಿಕ್ಸೆಲ್. 24ರಿಂದ 36ಕ್ಕೆ ಹೋದರೆ ಪಿಕ್ಸೆಲ್‌ಗಳು ಒಂದೂವರೆ ಪಟ್ಟು. ಆದರೆ ಚಿತ್ರದ ಅಗಲ 6000 ಪಿಕ್ಸೆಲ್‌ನಿಂದ 7360ಕ್ಕೆ ಏರುತ್ತದೆ ಅಷ್ಟೆ, ಅಂದರೆ ಶೇಕಡ 23ರಷ್ಟು. ಕಣ್ಣಿಗೆ ಸಿಗುವ ಲಾಭ ಈ ಎರಡನೆಯ ಅಂಕಿ. ನಿಕಾನ್ ಡಿ700ಕ್ಕೂ ಡಿ800ಕ್ಕೂ ಪಿಕ್ಸೆಲ್‌ಗಳಲ್ಲಿ ಮೂರು ಪಟ್ಟು ಅಂತರ, ಆದರೂ ಅಗಲದಲ್ಲಿ 1.7 ಪಟ್ಟು ಮಾತ್ರ.

ಇಲ್ಲೇ ದೊಡ್ಡ ಎಡವಟ್ಟು ನಡೆಯುವುದು. ಎರಡೂ ಚಿತ್ರಗಳನ್ನು ಶೇಕಡ 100ರ ಜೂಮ್‌ನಲ್ಲಿ (ಚಿತ್ರದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್) ತೆರೆದು ‘36ರಲ್ಲಿ ನಾಯ್ಸ್ ಜಾಸ್ತಿ, ಮಬ್ಬೂ ಜಾಸ್ತಿ’ ಅನ್ನುತ್ತಾರೆ. ಅಲ್ಲಿ 36ರ ಚಿತ್ರವನ್ನು ಹೆಚ್ಚು ದೊಡ್ಡದು ಮಾಡಿ ನೋಡುತ್ತಿದ್ದೀರಿ, ಹಾಗಾಗಿ ಅದರ ತಪ್ಪುಗಳೂ ದೊಡ್ಡದಾಗಿ ಕಾಣುತ್ತವೆ. ಎರಡನ್ನೂ ಒಂದೇ ಅಳತೆಗೆ ತಂದು ನೋಡಬೇಕು. ಆ ಅಳತೆ ಎಷ್ಟಿರಬೇಕು ಅನ್ನುವುದು ನೀವು ಚಿತ್ರವನ್ನು ಏನು ಮಾಡುತ್ತೀರಿ ಅನ್ನುವುದರ ಮೇಲೆ. 4ಕೆ ಪರದೆಯ ಅಗಲ 3840 ಪಿಕ್ಸೆಲ್. ಎ3 ಕಾಗದದ ಮೇಲೆ ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೆ ಬೇಕಾಗುವುದು ಸುಮಾರು 4960. ಎರಡಕ್ಕೂ 6000 ಸಾಕಾಗಿ ಮಿಗುತ್ತದೆ. ಗೋಡೆ ತುಂಬುವ ಪ್ರಿಂಟ್ ಹಾಕುವವರಿಗೆ, ಚಿತ್ರದ ಮೂಲೆಯಿಂದ ಹಕ್ಕಿಯನ್ನು ಕತ್ತರಿಸಿ ತೆಗೆಯುವವರಿಗೆ ಲೆಕ್ಕ ಬೇರೆ.

ಶಾರ್ಪ್ ಆಗಿ ಕಾಣುವುದೂ ಡೀಟೇಲ್ ಇರುವುದೂ ಒಂದೇ ಅಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಮನೆಯ ಸೂರಿನ ಅಂಚು ಆಕಾಶಕ್ಕೆ ತಾಗುವ ಕಡೆ ಜೂಮ್ ಮಾಡಿ. ಅಂಚಿನುದ್ದಕ್ಕೂ ತೆಳು ಬಿಳಿ ಗೆರೆ ಕಂಡರೆ ಅದು ಶಾರ್ಪ್‌ನಿಂಗ್ ಎಳೆದದ್ದು, ಸೂರಿನಲ್ಲಿ ಇದ್ದದ್ದಲ್ಲ. ಆಮೇಲೆ ನೆರಳಿನಲ್ಲಿರುವ ಹುಲ್ಲನ್ನು ನೋಡಿ. ಒಂದೊಂದು ಎಸಳು ಬೇರೆ ಬೇರೆ ಕಾಣುತ್ತಿದೆಯೋ, ಬ್ರಷ್ ಎಳೆದಂತೆ ಕಲಸಿಹೋಗಿದೆಯೋ? ನಾಯ್ಸ್ ಅಳಿಸುವ ಸಾಫ್ಟ್‌ವೇರ್‌ಗೆ ನಾಯ್ಸ್ ಯಾವುದು, ಬಣ್ಣದಲ್ಲಿ ಹತ್ತಿರ ಹತ್ತಿರ ಇರುವ ಹುಲ್ಲಿನ ಎಸಳು ಯಾವುದು ಅಂತ ಸುಲಭಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಒರೆಸುತ್ತದೆ. ಕಪ್ಪು-ಬಿಳಿ ಗೆರೆಗಳ ಟೆಸ್ಟ್ ಚಾರ್ಟ್‌ನಲ್ಲಿ ಇದು ಸಿಕ್ಕಿಬೀಳುವುದಿಲ್ಲ, ಗಾಢ ಗೆರೆಗಳನ್ನು ಸಾಫ್ಟ್‌ವೇರ್ ಮುಟ್ಟುವುದೇ ಇಲ್ಲ. ಅದಕ್ಕೇ ಪ್ರಯೋಗಾಲಯಗಳಲ್ಲಿ ‘ಡೆಡ್ ಲೀವ್ಸ್’ ಎಂಬ ಬೇರೆ ಚಾರ್ಟ್ ಬಳಸುತ್ತಾರೆ. ನಾನಾ ಗಾತ್ರದ, ನಾನಾ ಛಾಯೆಯ ವೃತ್ತಗಳು ಒಂದರ ಮೇಲೊಂದು ಬಿದ್ದಿರುವ ಚಾರ್ಟ್ ಅದು.

ಕೆಂಪು ಗುಲಾಬಿಯ ಪರೀಕ್ಷೆ

ಬಣ್ಣ ಡೀಟೇಲನ್ನು ನುಂಗುವುದು ಹೇಗೆ ಅಂತ ನೋಡಬೇಕಾದರೆ ಬಿಸಿಲಿನಲ್ಲಿರುವ ಕಡು ಕೆಂಪು ಗುಲಾಬಿಯನ್ನು ತೆಗೆಯಿರಿ. ಒಂದು ಕ್ಯಾಮೆರಾದಲ್ಲಿ ಎಸಳಿನ ಮಡಿಕೆ, ನರ ಎಲ್ಲ ಕಾಣುತ್ತದೆ. ಇನ್ನೊಂದರಲ್ಲಿ ಕೆಂಪು ಕಾಗದ ಅಂಟಿಸಿದ ಹಾಗೆ ಚಪ್ಪಟೆ. ‘ಎರಡನೆಯದರಲ್ಲಿ ಡೀಟೇಲ್ ಇಲ್ಲ’ ಅನ್ನುತ್ತೇವೆ. ಲೆನ್ಸನ್ನೂ ಬೈಯುತ್ತೇವೆ.

ಒಳಗೆ ನಡೆದದ್ದು ಬೇರೆ. ಕೆಂಪು ಎಸಳಿನಿಂದ ಬರುವ ಬೆಳಕನ್ನು ಚೆನ್ನಾಗಿ ಹಿಡಿಯುವುದು ಕೆಂಪು ಪಿಕ್ಸೆಲ್‌ಗಳು ಮಾತ್ರ, ಅಂದರೆ ನಾಲ್ಕರಲ್ಲಿ ಒಂದು. ಮೊದಲೇ ಮಾಹಿತಿ ಕಮ್ಮಿ. ಬಿಸಿಲಿನಲ್ಲಿ ಆ ಕೆಂಪು ಪಿಕ್ಸೆಲ್‌ಗಳು ತುಂಬಿ ತುಳುಕಿರಬಹುದು. ಬಿಳಿ ಹಿಸ್ಟೋಗ್ರಾಂ (ಒಟ್ಟು ಹೊಳಪಿನ ಹಂಚಿಕೆ ತೋರಿಸುವ ನಕ್ಷೆ) ಒಂದನ್ನೇ ನೋಡುವವರಿಗೆ ಇದು ಗೊತ್ತಾಗುವುದಿಲ್ಲ, ಅದರಲ್ಲಿ ಹಸಿರಿನ ತೂಕವೇ ಜಾಸ್ತಿ. ಸೆನ್ಸರ್‌ನಲ್ಲಿ ತುಂಬಿಲ್ಲದಿದ್ದರೂ ಆಮೇಲೆ ಪಿಕ್ಚರ್ ಸ್ಟೈಲ್ ಕೆಂಪನ್ನು ಇನ್ನಷ್ಟು ಗಾಢ ಮಾಡುತ್ತದೆ. ಆಗ ಬಣ್ಣ ಎಸ್‌ಆರ್‌ಜಿಬಿಯ, ಅಂದರೆ ಸಾಮಾನ್ಯ ಪರದೆಗಳು ತೋರಿಸುವ ಬಣ್ಣಗಳ ವ್ಯಾಪ್ತಿಯ, ಮಿತಿ ದಾಟುತ್ತದೆ. ಮಿತಿ ದಾಟಿದ ಅಂಕಿಗಳೆಲ್ಲ 255ಕ್ಕೆ ಬಂದು ನಿಲ್ಲುತ್ತವೆ. ಮಡಿಕೆ ಕಾಣಬೇಕಾದರೆ ಅಂಕಿಗಳಲ್ಲಿ ಏರಿಳಿತ ಇರಬೇಕು ಅಲ್ವಾ? ಎಲ್ಲ 255 ಆದ ಮೇಲೆ ಏರಿಳಿತ ಎಲ್ಲಿಂದ ಬರುತ್ತದೆ.

ಪರೀಕ್ಷಿಸುವುದು ಸುಲಭ. ಚಪ್ಪಟೆಯಾದ ಚಿತ್ರದ ರಾ ಫೈಲ್ ತೆರೆದು ಸ್ಯಾಚುರೇಷನ್ ಇಳಿಸಿ, ಫ್ಲಾಟ್ ಅಥವಾ ನ್ಯೂಟ್ರಲ್ ಪ್ರೊಫೈಲ್ ಹಾಕಿ. ನರಗಳು ಮತ್ತೆ ಕಂಡರೆ ದೋಷ ಬಣ್ಣದ ಸಂಸ್ಕರಣೆಯದು. ಕಾಣದಿದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ಇಳಿಸಿ ಮತ್ತೆ ತೆಗೆಯಿರಿ. ಆಗಲೂ ಇಲ್ಲವೆಂದರೆ ಲೆನ್ಸಿನ, ಫೋಕಸ್ಸಿನ ಮಾತು.

ಹೋಲಿಸುವಾಗ

ಬೆಳಕು ಬದಲಾಗದ ಜಾಗ, ಟ್ರೈಪಾಡ್, ಸಾಧ್ಯವಿದ್ದರೆ ಅದೇ ಲೆನ್ಸ್, ಅದೇ ಅಪರ್ಚರ್, ರಾ ಫೈಲ್ ಇವು ಎಲ್ಲರಿಗೂ ಗೊತ್ತಿರುವುದೇ. ಫೋಕಸನ್ನು ಆಟೋಗೆ ಬಿಡದೆ, ಪರದೆಯಲ್ಲಿ ದೊಡ್ಡದು ಮಾಡಿ ಕೈಯಿಂದ ಹೊಂದಿಸಿ. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಹತ್ತಿರದ ವಸ್ತುವಿನಲ್ಲಿ ಡೀಟೇಲ್ ಹೋಲಿಕೆ ಕೆಟ್ಟಿತು.

ಜನ ಮರೆಯುವುದು ಹೊಳಪನ್ನು. ಎರಡು ಕ್ಯಾಮೆರಾಗಳಲ್ಲೂ ಐಎಸ್‌ಒ (ಬೆಳಕಿಗೆ ಸಂವೇದನೆಯ ಅಂಕಿ) 400 ಅಂತಿದ್ದರೂ ಚಿತ್ರದ ಹೊಳಪು ಒಂದೇ ಇರಬೇಕೆಂದಿಲ್ಲ. ಸ್ವಲ್ಪ ಹೊಳಪಾದ ಚಿತ್ರ ನಮ್ಮ ಕಣ್ಣಿಗೆ ಸುಮ್ನೆ ಚೆನ್ನಾಗಿ ಕಾಣುತ್ತದೆ, ಅದರ ಬಣ್ಣವೂ ಚೆನ್ನಾಗಿದೆ ಅನಿಸಿಬಿಡುತ್ತದೆ. ಚೌಕಟ್ಟಿನಲ್ಲಿ ಒಂದು ಬೂದು ಕಾರ್ಡ್ ಇಟ್ಟು, ಅದರ ಅಂಕಿ ಎರಡರಲ್ಲೂ ಒಂದೇ ಬರುವ ಹಾಗೆ ಹೊಳಪು, ವೈಟ್ ಬ್ಯಾಲೆನ್ಸ್ ಎರಡನ್ನೂ ಹೊಂದಿಸಿ. ಎರಡರಲ್ಲೂ 5200 ಕೆಲ್ವಿನ್ ಅಂತ ಇಟ್ಟರೆ ಸಾಲದು, ಆ ಅಂಕಿಯ ಅರ್ಥ ಕ್ಯಾಮೆರಾದಿಂದ ಕ್ಯಾಮೆರಾಗೆ ಬದಲಾಗುತ್ತದೆ. ಒಂದೇ ಸಾಫ್ಟ್‌ವೇರ್‌ನಲ್ಲಿ ಎಲ್ಲ ಸ್ಲೈಡರ್ ಸೊನ್ನೆಯಲ್ಲಿಟ್ಟರೂ ಸಾಲದು. ಅಡೋಬಿಯಂಥ ಸಾಫ್ಟ್‌ವೇರ್‌ಗಳು ಪ್ರತಿ ಮಾದರಿಗೂ ತಮ್ಮದೇ ಪ್ರೊಫೈಲ್, ತಮ್ಮದೇ ಆರಂಭದ ಹೊಳಪು ಇಟ್ಟಿರುತ್ತವೆ. ಸೊನ್ನೆಯ ಹಿಂದೆಯೂ ಯಾರದೋ ಕೈವಾಡ ಇದ್ದೇ ಇದೆ.

24 ಬಣ್ಣದ ಚೌಕಗಳ ಕಲರ್‌ಚೆಕರ್ ಕಾರ್ಡ್ ಇದ್ದರೆ ಎರಡು ಕ್ಯಾಮೆರಾಗಳಿಗೂ ಸ್ವಂತ ಪ್ರೊಫೈಲ್ ಮಾಡಿಕೊಳ್ಳಬಹುದು. ಈ ಕಾರ್ಡ್ ಬಂದದ್ದೂ ಬೇಯರ್ ಪೇಟೆಂಟಿನ ವರ್ಷವೇ, 1976. ಪ್ರೊಫೈಲ್ ಹಾಕಿದ ಮೇಲೆ ಎರಡು ಬೇರೆ ಕಂಪನಿಗಳ ಚಿತ್ರಗಳು ಎಷ್ಟು ಹತ್ತಿರ ಬರುತ್ತವೆಂದರೆ, ಹೆಸರು ಮುಚ್ಚಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಆದರೆ ಹೊಂದಿಸಿದ್ದು 24 ಚೌಕಗಳನ್ನು, ಜಗತ್ತಿನ ಬಣ್ಣಗಳನ್ನಲ್ಲ. ಕಾರ್ಡ್‌ನಲ್ಲಿ ಸರಾಸರಿ ತಪ್ಪು ತೀರಾ ಕಮ್ಮಿ ಇರುವ ಕ್ಯಾಮೆರಾವೂ ನೇರಳೆ ಹೂವಿನಲ್ಲಿ ಎಡವಬಹುದು. ಬೆಳಕು ಬದಲಾದರೂ ಲೆಕ್ಕ ತಪ್ಪುತ್ತದೆ. ಬಿಸಿಲಿನಲ್ಲಿ ಮಾಡಿದ ಪ್ರೊಫೈಲ್ ಅಗ್ಗದ ಎಲ್‌ಇಡಿ ದೀಪದಡಿ ಕೈಕೊಡುತ್ತದೆ, ಆ ದೀಪದ ಬೆಳಕಿನಲ್ಲಿ ಕೆಲವು ಬಣ್ಣಗಳೇ ಅರೆಬರೆ ಇರುತ್ತವೆ.

ಕೊನೆಗೆ ಐಎಸ್‌ಒ 6400ರಲ್ಲೋ ಅದಕ್ಕಿಂತ ಮೇಲೋ ಒಂದು ಸುತ್ತು ತೆಗೆಯಿರಿ. ಐಎಸ್‌ಒ 100ರಲ್ಲಿ ಹಗಲು ಹೊತ್ತು ತೆಗೆದಾಗ ಅವಳಿಗಳಂತಿದ್ದ ಕ್ಯಾಮೆರಾಗಳು ಇಲ್ಲಿ ಬೇರೆಯಾಗುವುದುಂಟು. ಬಣ್ಣದ ನಾಯ್ಸ್ ಅಳಿಸುವಾಗ ಸಣ್ಣ ಸಣ್ಣ ಬಣ್ಣದ ವಸ್ತುಗಳು ಸಪ್ಪೆಯಾಗುತ್ತವೆ, ಕಪ್ಪು ಜಾಗಗಳು ಒಂದರಲ್ಲಿ ಕಪ್ಪಾಗಿಯೇ ಉಳಿದರೆ ಇನ್ನೊಂದರಲ್ಲಿ ಗುಲಾಬಿಗೆ ತಿರುಗುತ್ತವೆ. ದೂರದಲ್ಲಿ ನಿಂತವರ ಅಂಗಿಯ ಕೆಂಪು ಗುಂಡಿಯೊಂದು ಬೂದಾಗಿದ್ದರೆ ಅಲ್ಲಿ ಬಣ್ಣ ಹೋಯಿತೋ ಡೀಟೇಲ್ ಹೋಯಿತೋ ಅಂತ ಕೇಳಿದರೆ, ಉತ್ತರ ಎರಡೂ.